ಇಂಗ್ಲಿಷ್ ಭಾಷೆ ಬೆಳೆದು ಬಂದ ದಾರಿ



ಇಂಗ್ಲಿಷ್ ಕಲಿಯುವವರನ್ನೆಲ್ಲ ಒಂದಲ್ಲ ಒಂದು ದಿನ ಕಾಡುವ ಕೆಲವು ಪ್ರಶ್ನೆಗಳಿವೆ. ‘ನೈಫ್’ ಎಂದು ಉಚ್ಚರಿಸುವ ಪದದ ಮೊದಲಿಗೆ ‘ಕೆ’ ಅಕ್ಷರವನ್ನು ಏಕೆ ಬರೆಯಬೇಕು? ಸಾಲ ಎಂಬ ಅರ್ಥದ ‘ಡೆಟ್’ ಪದದ ನಡುವೆ ‘ಬಿ’ ಅಕ್ಷರಕ್ಕೇನು ಕೆಲಸ? ಹಟ್ಟಿಯಲ್ಲಿ ‘ಶೀಪ್’ ಆಗಿದ್ದ ಕುರಿ ತಟ್ಟೆಗೆ ಬಂದಾಗ ‘ಮಟನ್’ ಆಗುವುದೇಕೆ? ಕನ್ನಡದಲ್ಲಿ ಬರೆದಂತೆಯೇ ಓದುವ ಅಭ್ಯಾಸವುಳ್ಳ ನಮಗೆ ಇದೊಂದು ದೊಡ್ಡ ಗೋಜಲು. ಕಾರಣ ತಿಳಿಯದೆ ಉರು ಹೊಡೆಯುತ್ತೇವೆ. ಮರೆತುಹೋದಾಗ ದೋಷವೆಲ್ಲ ನಮ್ಮ ಬುದ್ಧಿಯದೇ ಎಂದು ಕುಗ್ಗುತ್ತೇವೆ.

ಈ ಪ್ರಶ್ನೆಗಳಿಗೆ ವ್ಯಾಕರಣ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ, ಇತಿಹಾಸದಲ್ಲಿ ಸಿಗುತ್ತದೆ. ಅದೇ ಇತಿಹಾಸದಲ್ಲಿ ಇನ್ನೊಂದು ಸಂಗತಿಯೂ ಇದೆ. ಇಂದು ಜಗತ್ತಿನ ತುಂಬ ಹಬ್ಬಿರುವ ಇಂಗ್ಲಿಷ್ ಒಂದು ಕಾಲದಲ್ಲಿ ತನ್ನ ನೆಲದಲ್ಲಿಯೇ ಆಸ್ಥಾನಕ್ಕೆ, ನ್ಯಾಯಾಲಯಕ್ಕೆ, ಪಾಠಶಾಲೆಗೆ ಯೋಗ್ಯವಲ್ಲದ ಭಾಷೆ ಎನಿಸಿಕೊಂಡಿತ್ತು. ಅಲ್ಲಿಂದ ಇಲ್ಲಿಯವರೆಗೆ ಅದು ನಡೆದು ಬಂದ ದಾರಿಯನ್ನು ಸಂಕ್ಷೇಪವಾಗಿ ನೋಡೋಣ.

ಸಂಸ್ಕೃತದ ದೂರದ ನೆಂಟ

ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ 1786ರಲ್ಲಿ ಅಲ್ಲಿನ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಒಂದು ಭಾಷಣ ಪ್ರಸಿದ್ಧವಾಗಿದೆ. ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದೂ ಜರ್ಮನ್ ವರ್ಗದ ಭಾಷೆಗಳೂ ಅದೇ ಬಳಗಕ್ಕೆ ಸೇರಿರಬಹುದೆಂದೂ ಅವರು ಸೂಚಿಸಿದರು. ಈ ಬಳಗವನ್ನು ಇಂದು ಇಂಡೋ-ಯುರೋಪಿಯನ್ ಎಂದು ಕರೆಯುತ್ತೇವೆ. ಇಂಗ್ಲಿಷ್ ಈ ಬಳಗದ ಜರ್ಮಾನಿಕ್ ಶಾಖೆಗೆ ಸೇರಿದ ಭಾಷೆ.

ಮಾತೃ–ಮದರ್, ಭ್ರಾತೃ–ಬ್ರದರ್, ನಾಮ–ನೇಮ್ ಎಂಬ ಜೋಡಿಗಳಲ್ಲಿ ನಂಟು ಕಣ್ಣಿಗೆ ಕಾಣುತ್ತದೆ. ಆದರೆ ಪಿತೃ ಮತ್ತು ಫಾದರ್, ದಂತ ಮತ್ತು ಟೂತ್ ಹೇಗೆ ಒಂದಾಗುತ್ತವೆ? ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಮತ್ತು ಜರ್ಮನಿಯ ಯಾಕೋಬ್ ಗ್ರಿಮ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೊಂದು ನಿಯಮವನ್ನು ಕಂಡುಹಿಡಿದರು. ಮೂಲಭಾಷೆಯ ‘ಪ’ ಧ್ವನಿ ಜರ್ಮಾನಿಕ್ ಶಾಖೆಯಲ್ಲಿ ‘ಫ’ ಆಯಿತು. ‘ತ’ ಧ್ವನಿ ‘ಥ್ರೀ’ ಪದದ ಮೊದಲಲ್ಲಿರುವ ಧ್ವನಿಯಾಯಿತು. ‘ದ’ ಧ್ವನಿ ‘ಟ’ ಆಯಿತು. ಈ ಬೀಗದ ಕೈ ಹಿಡಿದು ನೋಡಿ: ಪಿತೃ–ಫಾದರ್, ಪಾದ–ಫುಟ್, ತ್ರಿ–ಥ್ರೀ, ದ್ವಿ–ಟೂ, ದಶ–ಟೆನ್, ದಂತ–ಟೂತ್. ಕನ್ನಡವು ದ್ರಾವಿಡ ಭಾಷೆಯಾದ್ದರಿಂದ ಇಂಗ್ಲಿಷಿಗೆ ರಕ್ತಸಂಬಂಧಿಯಲ್ಲ. ಆದರೂ ನಾವು ದಿನವೂ ಬಳಸುವ ಸಂಸ್ಕೃತ ಪದಗಳ ಮೂಲಕ ಈ ನಂಟನ್ನು ಗುರುತಿಸಬಲ್ಲೆವು.

ಸಮುದ್ರ ದಾಟಿ ಬಂದವರು

ಬ್ರಿಟನ್ ದ್ವೀಪದ ಹಳೆಯ ನಿವಾಸಿಗಳು ಇಂಗ್ಲಿಷ್ ಆಡುತ್ತಿರಲಿಲ್ಲ. ಅವರದು ಕೆಲ್ಟಿಕ್ ವರ್ಗದ ಭಾಷೆ; ಇಂದಿನ ವೆಲ್ಶ್ ಭಾಷೆ ಅದರ ಕುಡಿ. ಕ್ರಿ.ಶ. 43ರಲ್ಲಿ ರೋಮನ್ನರು ದ್ವೀಪವನ್ನು ಗೆಲ್ಲಲು ಬಂದರು. ಸುಮಾರು 410ರ ಹೊತ್ತಿಗೆ ಅವರ ಆಳ್ವಿಕೆ ಕೊನೆಗೊಂಡಿತು. ಶಿಬಿರ ಎಂಬ ಅರ್ಥದ ಅವರ ‘ಕಾಸ್ಟ್ರ’ ಎಂಬ ಪದ ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಮುಂತಾದ ಊರ ಹೆಸರುಗಳಲ್ಲಿ ಉಳಿದಿದೆ.

ರೋಮನ್ನರು ಹೋದ ಮೇಲೆ ಇಂದಿನ ಡೆನ್ಮಾರ್ಕ್ ಮತ್ತು ಉತ್ತರ ಜರ್ಮನಿಯ ಕರಾವಳಿಯಿಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಪಂಗಡಗಳು ಸಮುದ್ರ ದಾಟಿ ಬಂದವು. ಬೀಡ್ ಎಂಬ ಸಂನ್ಯಾಸಿ 731ರಲ್ಲಿ ಮುಗಿಸಿದ ಚರಿತ್ರೆಯ ಆಧಾರದ ಮೇಲೆ ಈ ಆಗಮನಕ್ಕೆ 449ನೆಯ ಇಸವಿಯನ್ನು ಹೇಳುವ ಸಂಪ್ರದಾಯವಿದೆ. ನಮ್ಮ ಹಲ್ಮಿಡಿ ಶಾಸನದ ಕಾಲವೂ ಸುಮಾರು 450 ಎಂದು ನೀವು ಓದಿರುತ್ತೀರಿ. ಕನ್ನಡ ಕಲ್ಲಿನ ಮೇಲೆ ಬರಹವಾಗಿ ನಿಂತ ಕಾಲಕ್ಕೆ ಇಂಗ್ಲಿಷಿನ ಪೂರ್ವಜರು ಇನ್ನೂ ದೋಣಿಗಳಲ್ಲಿ ಬ್ರಿಟನ್ನಿನ ದಡ ಸೇರುತ್ತಿದ್ದರು.

ಆಂಗಲ್ ಪಂಗಡದ ಹೆಸರಿನಿಂದಲೇ ಇಂಗ್ಲೆಂಡ್, ಇಂಗ್ಲಿಷ್ ಎಂಬ ಹೆಸರುಗಳು ಬಂದವು. ಇವರ ದೇವತೆಗಳು ವಾರದ ದಿನಗಳಲ್ಲಿ ಇಂದಿಗೂ ಇದ್ದಾರೆ. ‘ವೋಡೆನ್’ ದೇವನ ದಿನವೇ ‘ವೆನ್ಸ್‌ಡೇ’. ಆ ಪದದ ನಡುವೆ ನಾವು ಉಚ್ಚರಿಸದೆ ಬರೆಯುವ ‘ಡಿ’ ಅಕ್ಷರ ವೋಡೆನ್ ಹೆಸರಿನದು.

ಹಳೆಯ ಇಂಗ್ಲಿಷಿಗೆ ನಮ್ಮ ಭಾಷೆಗಳಂತೆಯೇ ವಿಭಕ್ತಿ ಪ್ರತ್ಯಯಗಳಿದ್ದವು. ‘ಸ್ಟಾನ್’ ಎಂದರೆ ಕಲ್ಲು; ‘ಸ್ಟಾನೆಸ್’ ಎಂದರೆ ಕಲ್ಲಿನ; ‘ಸ್ಟಾನೆ’ ಎಂದರೆ ಕಲ್ಲಿಗೆ; ‘ಸ್ಟಾನಾಸ್’ ಎಂದರೆ ಕಲ್ಲುಗಳು; ‘ಸ್ಟಾನುಮ್’ ಎಂದರೆ ಕಲ್ಲುಗಳಿಗೆ. ಮೂರು ಲಿಂಗಗಳೂ ಇದ್ದವು. ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ, ಇಂದಿನ ‘ವೈಫ್’ ಪದದ ಹಳೆಯ ರೂಪ ನಪುಂಸಕಲಿಂಗ! ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ ‘ಕಳತ್ರ’ವೂ ನಪುಂಸಕಲಿಂಗವೇ ಎಂಬುದನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣದು.

ಪ್ರತ್ಯಯಗಳಿಂದ ಆಗುವ ಅನುಕೂಲವೊಂದಿದೆ. ‘ರಾಮನು ರಾವಣನನ್ನು ಕೊಂದನು’ ಎಂದರೂ ‘ರಾವಣನನ್ನು ರಾಮನು ಕೊಂದನು’ ಎಂದರೂ ನಮಗೆ ಅರ್ಥ ಕೆಡುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿಯೂ ಈ ಸ್ವಾತಂತ್ರ್ಯ ಬಹುಮಟ್ಟಿಗೆ ಇತ್ತು. ಇಂದಿನ ಇಂಗ್ಲಿಷಿನಲ್ಲಿ ಎರಡು ಹೆಸರುಗಳನ್ನು ಅದಲು ಬದಲು ಮಾಡಿದರೆ ಕೊಂದವನೇ ಸತ್ತವನಾಗುತ್ತಾನೆ. ಪ್ರತ್ಯಯಗಳು ಸವೆದು ಹೋದ ಮೇಲೆ, ಅವು ಮಾಡುತ್ತಿದ್ದ ಕೆಲಸವನ್ನು ಪದಗಳ ಕ್ರಮ ವಹಿಸಿಕೊಂಡಿತು.

ಗಾಳಿಯ ಕಣ್ಣು

793ರಲ್ಲಿ ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠವನ್ನು ಸ್ಕ್ಯಾಂಡಿನೇವಿಯದ ವೈಕಿಂಗರು ಸೂರೆಗೈದರು. ಮೊದಲು ಕೊಳ್ಳೆ ಹೊಡೆಯಲು ಬಂದವರು ಅನಂತರ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆ ನಿಂತರು. 878ರಲ್ಲಿ ಎಡಿಂಗ್ಟನ್ ಯುದ್ಧದಲ್ಲಿ ಅವರನ್ನು ಸೋಲಿಸಿದವನು ವೆಸೆಕ್ಸಿನ ರಾಜ ಆಲ್ಫ್ರೆಡ್.

ಆಲ್ಫ್ರೆಡನ ಕೀರ್ತಿ ಕತ್ತಿಯಿಂದ ಮಾತ್ರ ಬಂದುದಲ್ಲ. ಲ್ಯಾಟಿನ್ ಬಲ್ಲವರೇ ದೇಶದಲ್ಲಿ ವಿರಳವಾದುದನ್ನು ಕಂಡು ಆತ ಮುಖ್ಯ ಗ್ರಂಥಗಳನ್ನು ಜನರ ಭಾಷೆಗೆ ಅನುವಾದಿಸುವ ಕೆಲಸವನ್ನು ಕೈಗೊಂಡ. ಅವನ ಆಳ್ವಿಕೆ 871ರಿಂದ 899ರವರೆಗೆ. ಇತ್ತ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚಿತವಾದದ್ದೂ ಇದೇ ಶತಮಾನದಲ್ಲಿ. ಒಬ್ಬರನ್ನೊಬ್ಬರು ಕೇಳಿಯೂ ಅರಿಯದ ಎರಡು ಆಸ್ಥಾನಗಳಲ್ಲಿ ದೇಶಭಾಷೆಗೆ ಏಕಕಾಲದಲ್ಲಿ ರಾಜಾಶ್ರಯ ದೊರೆಯಿತು.

ವೈಕಿಂಗರ ಭಾಷೆಯೂ ಇಂಗ್ಲಿಷಿನ ಹತ್ತಿರದ ಬಂಧುವೇ. ಅಕ್ಕಪಕ್ಕದಲ್ಲಿ ಬಾಳುತ್ತ, ಸಂತೆಯಲ್ಲಿ ಕೊಡುಕೊಳ್ಳುತ್ತ, ಹೆಣ್ಣು ತಂದು ಹೆಣ್ಣು ಕೊಡುತ್ತ ಎರಡೂ ಕಡೆಯವರ ಮಾತು ಬೆರೆಯಿತು. ಸ್ಕೈ, ಸ್ಕಿನ್, ಎಗ್, ಲಾ, ಟೇಕ್, ಗೆಟ್ ಇವೆಲ್ಲ ಅವರ ಕೊಡುಗೆ. ನಾವು ಮೊದಲು ಹೇಳಿದ ‘ನೈಫ್’ ಕೂಡ ಅವರದೇ. ‘ದೇ, ದೇರ್, ದೆಮ್’ ಎಂಬ ಸರ್ವನಾಮಗಳೂ ಅವರಿಂದಲೇ ಬಂದವು. ಸರ್ವನಾಮವನ್ನೇ ಸಾಲ ಪಡೆಯಬೇಕಾದರೆ ಎರಡು ಜನಾಂಗಗಳು ಎಷ್ಟು ಹತ್ತಿರ ಬಂದಿರಬೇಕು, ಯೋಚಿಸಿ. ‘ವಿಂಡೋ’ ಪದವನ್ನು ಬಿಡಿಸಿದರೆ ಅವರ ಭಾಷೆಯಲ್ಲಿ ‘ಗಾಳಿಯ ಕಣ್ಣು’ ಎಂದಾಗುತ್ತದೆ. ನಮ್ಮ ‘ಗವಾಕ್ಷ’ದೊಳಗೂ ‘ಅಕ್ಷ’ ಎಂಬ ಕಣ್ಣು ಇದೆಯಲ್ಲವೆ?

ವಿಭಕ್ತಿ ಪ್ರತ್ಯಯಗಳು ಸವೆಯುವುದಕ್ಕೆ ಈ ಒಡನಾಟವೂ ನೆರವಾಯಿತೆಂದು ವಿದ್ವಾಂಸರು ಹೇಳುತ್ತಾರೆ. ಪದಗಳ ಮೂಲರೂಪ ಎರಡೂ ಭಾಷೆಗಳಲ್ಲಿ ಹೆಚ್ಚು ಕಡಿಮೆ ಒಂದೇ, ಕೊನೆಯ ಪ್ರತ್ಯಯ ಮಾತ್ರ ಬೇರೆ. ಹೀಗಿರುವಾಗ ಮಾತಾಡುವವರು ಕೊನೆಯನ್ನು ನುಂಗಿ ಮೂಲವನ್ನು ಉಳಿಸಿಕೊಳ್ಳುವುದು ಸಹಜ.

ಆಸ್ಥಾನದಿಂದ ಹೊರಬಿದ್ದ ಭಾಷೆ

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಯುದ್ಧದಲ್ಲಿ ಇಂಗ್ಲಿಷ್ ರಾಜ ಹೆರಾಲ್ಡ್ ಮಡಿದ. ಗೆದ್ದವನು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ದೊರೆ ವಿಲಿಯಂ. ಅವನೊಂದಿಗೆ ಬಂದ ಸರದಾರರು, ಧರ್ಮಾಧಿಕಾರಿಗಳು ಆಡುತ್ತಿದ್ದುದು ಫ್ರೆಂಚ್. ಅಂದಿನಿಂದ ಸುಮಾರು ಮುನ್ನೂರು ವರ್ಷ ಇಂಗ್ಲೆಂಡಿನಲ್ಲಿ ಮೂರು ಭಾಷೆಗಳು ಮೂರು ಅಂತಸ್ತುಗಳಲ್ಲಿ ಇದ್ದವು. ಧರ್ಮಕ್ಕೂ ಶಾಸ್ತ್ರಕ್ಕೂ ದಾಖಲೆಗೂ ಲ್ಯಾಟಿನ್. ಆಸ್ಥಾನಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್. ಹೊಲಕ್ಕೂ ಅಡಿಗೆಮನೆಗೂ ಇಂಗ್ಲಿಷ್.

ಆಳುವವರ ಭಾಷೆ ಕಚೇರಿಯ ಬಾಗಿಲಿನಿಂದ ಜನರ ಮಾತಿನೊಳಗೆ ಇಳಿಯುತ್ತದೆ. ನಮ್ಮ ಅರ್ಜಿ, ದಾಖಲೆ, ವಸೂಲಿ, ತಹಸೀಲ್ದಾರ ಎಂಬ ಪದಗಳು ಪಾರಸಿ–ಅರಬ್ಬಿ ಮೂಲದಿಂದ ಬಂದದ್ದು ಹೀಗೆಯೇ. ಇಂಗ್ಲಿಷಿಗೂ ಕೋರ್ಟ್, ಜಡ್ಜ್, ಜಸ್ಟಿಸ್, ಪ್ರಿಸನ್, ಟ್ಯಾಕ್ಸ್, ಪಾರ್ಲಿಮೆಂಟ್, ಗವರ್ನ್‌ಮೆಂಟ್, ಆರ್ಮಿ ಎಂಬ ಪದಗಳು ಫ್ರೆಂಚಿನಿಂದ ಹೀಗೆ ಬಂದವು. ಕಿಂಗ್, ಕ್ವೀನ್ ಪದಗಳು ಮಾತ್ರ ಹಳೆಯವೇ ಉಳಿದವು. ಕುರಿ ಕಾಯುವವನ ಬಾಯಲ್ಲಿ ಅದು ‘ಶೀಪ್’. ಊಟದ ಮೇಜಿನ ಮುಂದೆ ಕುಳಿತ ಸರದಾರನ ಬಾಯಲ್ಲಿ ಕುರಿಯ ಫ್ರೆಂಚ್ ಹೆಸರೇ ‘ಮಟನ್’. ಮೊದಮೊದಲು ಈ ಹಂಚಿಕೆ ಅಷ್ಟು ಖಚಿತವಾಗಿರಲಿಲ್ಲ. ಕಾಲಕ್ರಮದಲ್ಲಿ ಒಂದು ಹೆಸರು ಪ್ರಾಣಿಗೂ ಇನ್ನೊಂದು ಮಾಂಸಕ್ಕೂ ನಿಂತಿತು.

ಒಂದೇ ಅರ್ಥಕ್ಕೆ ಎರಡು ಮೂರು ಪದಗಳಿರುವ ಸಂಪತ್ತಿಗೂ ಇದೇ ಮೂಲ. ‘ಆಸ್ಕ್’ ಹಳೆಯ ಇಂಗ್ಲಿಷ್, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು, ‘ಇಂಟರಾಗೇಟ್’ ಲ್ಯಾಟಿನ್ನಿನಿಂದ. ‘ಕಿಂಗ್ಲಿ, ರಾಯಲ್, ರೀಗಲ್’ ಎಂಬ ಮೂರಕ್ಕೂ ಇದೇ ಕ್ರಮ. ನಾವು ಕುಡಿಯುವಾಗ ‘ನೀರು’ ಎನ್ನುತ್ತೇವೆ, ಇಲಾಖೆಗೆ ಹೆಸರಿಡುವಾಗ ‘ಜಲ’ ಎನ್ನುತ್ತೇವೆ. ಇಂಗ್ಲಿಷಿನವನೂ ಮನೆಯಲ್ಲಿ ಒಂದು ಪದ, ಸಭೆಯಲ್ಲಿ ಇನ್ನೊಂದು ಪದ ಆರಿಸಿಕೊಳ್ಳುತ್ತಾನೆ.

ಶಾಲೆಯ ಮಾಧ್ಯಮ ಯಾವುದು?

ಈ ಕಾಲದ ಒಂದು ಚರ್ಚೆ ನಮಗೆ ಅಪರಿಚಿತವಲ್ಲ. ಚೆಸ್ಟರ್ ಮಠದ ರನಲ್ಫ್ ಹಿಗ್ಡನ್ ಎಂಬ ಸಂನ್ಯಾಸಿ ಹದಿನಾಲ್ಕನೆಯ ಶತಮಾನದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಜಗಚ್ಚರಿತ್ರೆಯಲ್ಲಿ ಒಂದು ದೂರು ಇದೆ. ಇಂಗ್ಲೆಂಡಿನ ಮಕ್ಕಳು ಶಾಲೆಯಲ್ಲಿ ತಮ್ಮ ಮಾತನ್ನು ಬಿಟ್ಟು ಫ್ರೆಂಚಿನಲ್ಲಿ ಪಾಠ ಒಪ್ಪಿಸಬೇಕಾಗಿದೆ. ದೊಡ್ಡ ಮನೆತನದ ಮಕ್ಕಳಿಗೆ ತೊಟ್ಟಿಲಿನಿಂದಲೇ ಫ್ರೆಂಚ್ ಕಲಿಸುತ್ತಾರೆ. ಹಳ್ಳಿಗರೂ ಗೌರವಸ್ಥರೆನಿಸಿಕೊಳ್ಳಲು ಹರಸಾಹಸಪಟ್ಟು ಫ್ರೆಂಚ್ ಆಡುತ್ತಾರೆ ಎಂಬುದು ಅದರ ಸಾರಾಂಶ.

ಈ ಗ್ರಂಥವನ್ನು ಜಾನ್ ಟ್ರೆವೀಸಾ ಎಂಬಾತ ಇಂಗ್ಲಿಷಿಗೆ ಅನುವಾದಿಸಿ 1387ರಲ್ಲಿ ಮುಗಿಸಿದ. ಅಷ್ಟರಲ್ಲಿ ಪರಿಸ್ಥಿತಿ ಬದಲಾಗಿತ್ತು. ಹಿಗ್ಡನ್ನನ ದೂರಿನ ಕೆಳಗೆ ಟ್ರೆವೀಸಾ ತನ್ನದೊಂದು ಟಿಪ್ಪಣಿಯನ್ನು ಸೇರಿಸಿದ: ಪ್ಲೇಗ್ ಮಾರಿಯ ನಂತರ ಜಾನ್ ಕಾರ್ನ್‌ವಾಲ್ ಎಂಬ ಉಪಾಧ್ಯಾಯ ಪಾಠವನ್ನು ಇಂಗ್ಲಿಷಿಗೆ ಬದಲಿಸಿದ, ಇತರರು ಅವನನ್ನು ಅನುಸರಿಸಿದರು, ಈಗ, ಅಂದರೆ 1385ರಲ್ಲಿ, ಶಾಲೆಗಳೆಲ್ಲ ಇಂಗ್ಲಿಷಿನಲ್ಲಿಯೇ ಕಲಿಸುತ್ತಿವೆ. ಇದರ ಲಾಭ–ನಷ್ಟ ಎರಡನ್ನೂ ಆತ ತೂಗಿ ನೋಡುತ್ತಾನೆ. ಮಕ್ಕಳು ವ್ಯಾಕರಣವನ್ನು ಮೊದಲಿಗಿಂತ ಬೇಗ ಕಲಿಯುತ್ತಾರೆ ಎಂಬುದು ಲಾಭ. ಫ್ರೆಂಚ್ ಬಾರದೆ ಸಮುದ್ರದಾಚೆ ಹೋದಾಗ ಕಷ್ಟಪಡುತ್ತಾರೆ ಎಂಬುದು ನಷ್ಟ. ಆರು ಶತಮಾನಗಳ ಹಿಂದಿನ ಈ ಲೆಕ್ಕಾಚಾರವನ್ನು ನಮ್ಮ ಊರಿನ ಯಾವುದೇ ಪೋಷಕರ ಸಭೆಯಲ್ಲಿ ಕೇಳಬಹುದು.

ಬದಲಾವಣೆಗೆ ಕಾರಣಗಳು ಹಲವು. 1204ರಲ್ಲಿ ಇಂಗ್ಲೆಂಡಿನ ರಾಜ ನಾರ್ಮಂಡಿಯನ್ನು ಕಳೆದುಕೊಂಡ. ಸರದಾರರಿಗೆ ಫ್ರಾನ್ಸಿನ ನಂಟು ಸಡಿಲವಾಯಿತು. 1337ರಲ್ಲಿ ಫ್ರಾನ್ಸಿನೊಂದಿಗೆ ‘ನೂರು ವರ್ಷಗಳ ಯುದ್ಧ’ ಆರಂಭವಾಗಿ ಫ್ರೆಂಚ್ ಶತ್ರುವಿನ ಭಾಷೆಯಾಯಿತು. 1348–49ರ ಮಹಾಮಾರಿಯಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಉಳಿದ ದುಡಿಯುವವರಿಗೆ ಬೆಲೆ ಬಂತು. ಅವರ ಭಾಷೆಗೂ ಬೆಲೆ ಬಂತು.

ಜನರಿಗೆ ಫ್ರೆಂಚ್ ತಿಳಿಯದಾದ್ದರಿಂದ ನ್ಯಾಯಾಲಯದಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕೆಂಬ ಕಾಯಿದೆ 1362ರಲ್ಲಿ ಬಂತು. ತಮಾಷೆಯೆಂದರೆ ಆ ಕಾಯಿದೆಯನ್ನು ಬರೆದದ್ದು ಫ್ರೆಂಚಿನಲ್ಲಿ! ವಕೀಲರ ಬರವಣಿಗೆಯಲ್ಲಿ ಫ್ರೆಂಚೂ ದಾಖಲೆಗಳಲ್ಲಿ ಲ್ಯಾಟಿನ್ನೂ ಮುಂದುವರಿದವು. ನ್ಯಾಯಾಲಯದ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರಬೇಕೆಂಬ ನಿಯಮ ಜಾರಿಗೆ ಬಂದದ್ದು 1733ರಲ್ಲಿ. ಕಾಯಿದೆ ಮಾಡುವುದಕ್ಕೂ ಅದು ಕಚೇರಿಯ ಕಡತದವರೆಗೆ ತಲುಪುವುದಕ್ಕೂ ನಡುವೆ 371 ವರ್ಷ ಕಳೆದವು.

ಇದೇ ಸಮಯದಲ್ಲಿ ಜೆಫ್ರಿ ಚಾಸರ್ ಫ್ರೆಂಚ್, ಲ್ಯಾಟಿನ್ ಎರಡನ್ನೂ ಬಲ್ಲವನಾಗಿದ್ದೂ ತನ್ನ ‘ಕ್ಯಾಂಟರ್ಬರಿ ಕಥೆಗಳು’ ಕೃತಿಗೆ ಲಂಡನ್ನಿನ ಇಂಗ್ಲಿಷನ್ನೇ ಆರಿಸಿಕೊಂಡ. ಆತ 1400ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಂಗ್ಲಿಷಿನಲ್ಲಿಯೂ ದೊಡ್ಡ ಕಾವ್ಯ ಸಾಧ್ಯ ಎಂಬುದು ಸಿದ್ಧವಾಗಿತ್ತು.

ಮೊಟ್ಟೆಗಾಗಿ ಒಂದು ಜಗಳ

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದ. 1490ರಲ್ಲಿ ತಾನು ಮುದ್ರಿಸಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಆತ ಒಂದು ಘಟನೆಯನ್ನು ಹೇಳುತ್ತಾನೆ. ಗಾಳಿಯಿಲ್ಲದೆ ಹಡಗು ನಿಂತಾಗ ಲಂಡನ್ನಿನ ಕೆಲವು ವರ್ತಕರು ಕೆಂಟ್ ಕರಾವಳಿಯಲ್ಲಿ ಇಳಿದರು. ಅವರಲ್ಲೊಬ್ಬ ಒಂದು ಮನೆಗೆ ಹೋಗಿ ‘ಎಗ್ಸ್’ ಕೇಳಿದ. ತನಗೆ ಫ್ರೆಂಚ್ ಬಾರದು ಎಂದಳು ಮನೆಯಾಕೆ. ಅವನಿಗೂ ಫ್ರೆಂಚ್ ಬಾರದು. ಆತನಿಗೆ ಸಿಟ್ಟು ಬಂತು. ಕೊನೆಗೆ ಇನ್ನೊಬ್ಬ ‘ಐರೆನ್’ ಬೇಕೆಂದು ಹೇಳಿದಾಗ ಆಕೆಗೆ ಮೊಟ್ಟೆ ಎಂದು ತಿಳಿಯಿತು. ‘ಐರೆನ್’ ಹಳೆಯ ಇಂಗ್ಲಿಷ್ ರೂಪ, ‘ಎಗ್ಸ್’ ವೈಕಿಂಗರಿಂದ ಬಂದ ರೂಪ. ಇವೆರಡರಲ್ಲಿ ಯಾವುದನ್ನು ಅಚ್ಚು ಹಾಕಬೇಕು ಎಂಬುದು ಕ್ಯಾಕ್ಸ್‌ಟನ್ನನ ಚಿಂತೆ.

ಮುದ್ರಕರು ಹೆಚ್ಚಾಗಿ ಲಂಡನ್ ಮತ್ತು ಅಲ್ಲಿನ ಸರಕಾರಿ ಕಚೇರಿಗಳ ರೂಪವನ್ನು ಆರಿಸಿಕೊಂಡರು. ನೂರಾರು ಪ್ರತಿಗಳಲ್ಲಿ ಒಂದೇ ರೂಪ ಊರೂರಿಗೆ ಹೋದಾಗ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು. ಆದರೆ ಅದು ಗಟ್ಟಿಯಾದ ಗಳಿಗೆ ಮಾತ್ರ ಸರಿಯಿರಲಿಲ್ಲ. ಏಕೆಂದರೆ ಅದೇ ಕಾಲದಲ್ಲಿ ಉಚ್ಚಾರಣೆ ಬುಡಮೇಲಾಗುತ್ತಿತ್ತು.

ಸ್ವರಗಳ ಮಹಾಪಲ್ಲಟ

ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದವು. ಇದನ್ನು ವಿವರಿಸಲು ನಮ್ಮ ವರ್ಣಮಾಲೆಯಷ್ಟು ಅನುಕೂಲವಾದ ಸಾಧನ ಬೇರೆಯಿಲ್ಲ. ‘ಆ’ ಎಂದು, ‘ಏ’ ಎಂದು, ‘ಈ’ ಎಂದು ಹೇಳಿ ನೋಡಿ. ನಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಇಂಗ್ಲಿಷ್ ಸ್ವರಗಳೂ ಹೀಗೆಯೇ ಒಂದೊಂದು ಮೆಟ್ಟಿಲು ಏರಿದವು. ಆ ಎಂಬುದು ಏ ಆಯಿತು. ಏ ಎಂಬುದು ಈ ಆಯಿತು. ಆಗಲೇ ಮೇಲಿನ ಮೆಟ್ಟಿಲಲ್ಲಿದ್ದ ಈ ಒಡೆದು ಐ ಆಯಿತು. ಇನ್ನೊಂದು ಬದಿಯಲ್ಲಿ ಓ ಎಂಬುದು ಊ ಆಯಿತು. ಊ ಒಡೆದು ಔ ಆಯಿತು.

ಚಾಸರನ ಕಾಲದಲ್ಲಿ ‘ನೇಮ್’ ಪದವನ್ನು ಬಹುತೇಕ ‘ನಾಮ’ ಎಂದೇ ಉಚ್ಚರಿಸುತ್ತಿದ್ದರು. ನಾವು ಈಗ ಮೂಕವೆಂದು ಹೇಳುವ ಅದರ ಕೊನೆಯ ಅಕ್ಷರಕ್ಕೆ ಆಗ ಧ್ವನಿಯಿತ್ತು. ಟೈಮ್ ಆಗ ‘ಟೀಮ’. ಫೀಟ್ ಆಗ ‘ಫೇಟ್’. ಮೂನ್ ಆಗ ‘ಮೋನ’. ಮೌಸ್ ಆಗ ‘ಮೂಸ್’. ಈ ಕೊನೆಯದು ಸಂಸ್ಕೃತದ ‘ಮೂಷಕ’ದ ನೆಂಟನೆಂದು ಈಗ ನೀವೇ ಗುರುತಿಸಬಲ್ಲಿರಿ. ಲ್ಯಾಟಿನ್ನಿನಲ್ಲಿ ಆ, ಏ, ಈ ಎಂದು ಹೆಸರಿದ್ದ ಮೂರು ಅಕ್ಷರಗಳನ್ನು ನಾವು ಎ, ಇ, ಐ ಎಂದು ಕಲಿಯುವುದಕ್ಕೂ ಈ ಪಲ್ಲಟವೇ ಕಾರಣ.

ವ್ಯಂಜನಗಳೂ ಕೆಲವು ಬಿದ್ದುಹೋದವು. ‘ನೈಫ್’ ಮೊದಲು ‘ಕ್ನೀಫ್’ ಆಗಿತ್ತು. ‘ಕೆ’ ಅಕ್ಷರವನ್ನು ಎಲ್ಲರೂ ಉಚ್ಚರಿಸುತ್ತಿದ್ದರು. ವೀರ ಎಂಬ ಅರ್ಥದ ‘ನೈಟ್’ ಪದ ‘ಕ್ನಿಹ್ಟ್’ ಎಂಬಂತೆ ಕೇಳಿಸುತ್ತಿತ್ತು. ಹಾಗಾದರೆ ಇಂಗ್ಲಿಷ್ ಕಾಗುಣಿತ ಅರ್ಥವಿಲ್ಲದ್ದಲ್ಲ. ಅದು ಒಂದು ಕಾಲದ ಉಚ್ಚಾರಣೆಯ ಪ್ರಾಮಾಣಿಕ ದಾಖಲೆ. ಮಾತು ಮುಂದೆ ನಡೆಯಿತು, ಬರಹ ನಿಂತಲ್ಲಿಯೇ ನಿಂತಿತು.

ಹಾಗೆಂದು ಎಲ್ಲ ಮೂಕ ಅಕ್ಷರಗಳಿಗೂ ಇದೇ ಕಾರಣವಲ್ಲ. ‘ಡೆಟ್’ ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ‘ಬಿ’ ಇರಲಿಲ್ಲ. ಅದರ ಮೂಲ ಲ್ಯಾಟಿನ್ನಿನ ‘ಡೆಬಿಟುಮ್’ ಎಂದು ತೋರಿಸಲು ಪಂಡಿತರು ಆ ಅಕ್ಷರವನ್ನು ನಡುವೆ ತುರುಕಿದರು. ದ್ವೀಪ ಎಂಬ ಅರ್ಥದ ‘ಐಲೆಂಡ್’ ಪದದಲ್ಲಂತೂ ಅವರು ಎಡವಿದರು. ಅದು ಅಚ್ಚ ಹಳೆಯ ಇಂಗ್ಲಿಷ್ ಪದ. ಲ್ಯಾಟಿನ್ ಮೂಲದ ‘ಐಲ್’ ಪದಕ್ಕೆ ಸಂಬಂಧಿಸಿದ್ದೆಂದು ಭ್ರಮಿಸಿ ‘ಎಸ್’ ಸೇರಿಸಿದರು. ಆ ತಪ್ಪನ್ನು ನಾವು ಇಂದಿಗೂ ಪರೀಕ್ಷೆಯಲ್ಲಿ ಸರಿಯಾಗಿ ಬರೆದು ಅಂಕ ಗಳಿಸುತ್ತಿದ್ದೇವೆ!

ವಿದ್ವಾಂಸರ ಸಂಕೋಚ

ಹದಿನಾರನೆಯ ಶತಮಾನದಲ್ಲಿಯೂ ವಿದ್ಯಾವಂತರಿಗೆ ಇಂಗ್ಲಿಷಿನ ಮೇಲೆ ಪೂರ್ಣ ನಂಬಿಕೆ ಇರಲಿಲ್ಲ. ಮುಂದೆ ಎಲಿಜಬೆತ್ ರಾಣಿಗೆ ಗುರುವಾದ ರಾಜರ್ ಆಸ್ಕಮ್ 1545ರಲ್ಲಿ ಬಿಲ್ವಿದ್ಯೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗ, ಬೇರೆ ಭಾಷೆಯಲ್ಲಿ ಬರೆದಿದ್ದರೆ ತನ್ನ ಹೆಸರಿಗೆ ಹೆಚ್ಚು ಶೋಭೆಯಿತ್ತು ಎಂದು ಸಮಜಾಯಿಷಿ ಹೇಳಬೇಕಾಯಿತು. ಬೈಬಲ್ಲನ್ನು ಜನರ ಭಾಷೆಗೆ ತಂದ ವಿಲಿಯಂ ಟಿಂಡೇಲ್ ತನ್ನ ಹೊಸ ಒಡಂಬಡಿಕೆಯನ್ನು 1526ರಲ್ಲಿ ಜರ್ಮನಿಯಲ್ಲಿ ಮುದ್ರಿಸಬೇಕಾಯಿತು. 1536ರಲ್ಲಿ ಧರ್ಮದ್ರೋಹದ ಆರೋಪದ ಮೇಲೆ ಅವನನ್ನು ಕೊಂದರು. 1611ರಲ್ಲಿ ರಾಜಾಜ್ಞೆಯಿಂದ ಪ್ರಕಟವಾದ ಬೈಬಲ್ ಅವನ ಮಾತುಗಳನ್ನು ಹೇರಳವಾಗಿ ಉಳಿಸಿಕೊಂಡಿದೆ.

ರಿಚರ್ಡ್ ಮಲ್ಕ್ಯಾಸ್ಟರ್ ಎಂಬ ಲಂಡನ್ನಿನ ಶಾಲಾ ಮುಖ್ಯೋಪಾಧ್ಯಾಯ 1582ರಲ್ಲಿ ಇಂಗ್ಲಿಷಿನ ಪರವಾಗಿ ಒಂದು ಪುಸ್ತಕ ಬರೆದ. ಇಂಗ್ಲಿಷ್ ಈ ದ್ವೀಪದಾಚೆ ಎಲ್ಲಿಯೂ ನಡೆಯದು, ದ್ವೀಪದಲ್ಲಿಯೂ ಎಲ್ಲ ಕಡೆ ನಡೆಯದು ಎಂಬುದನ್ನು ಆತ ಒಪ್ಪಿಕೊಳ್ಳುತ್ತಾನೆ. ಆದರೂ ಯಾವ ಶಾಸ್ತ್ರವನ್ನಾದರೂ ಅದರಲ್ಲಿ ಬರೆಯಬಹುದು, ಬರೆಯುವವರು ಮನಸ್ಸು ಮಾಡಬೇಕು ಎಂಬುದು ಅವನ ವಾದ.

ಶಾಸ್ತ್ರಕ್ಕೆ ಬೇಕಾದ ಪದಗಳು ಇಂಗ್ಲಿಷಿನಲ್ಲಿ ಇರಲಿಲ್ಲ. ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಸಹಸ್ರಾರು ಪದಗಳನ್ನು ತಂದರು. ಇವು ಪಂಡಿತರ ಮಸಿಕುಡಿಕೆಯಿಂದ ಹುಟ್ಟಿದ ಪದಗಳೆಂದು ಕೆಲವರು ಗೇಲಿ ಮಾಡಿದರು. ಇರುವ ಪದಗಳಿಂದಲೇ ಹೊಸ ಪದ ಕಟ್ಟೋಣವೆಂದರು. ಇಂದು ನಮ್ಮ ಪಾರಿಭಾಷಿಕ ಪದಗಳ ಬಗ್ಗೆ ನಡೆಯುವ ವಾದವೂ ಇದೇ ತಾನೆ? ಕೆಲವು ಪದಗಳು ಬಳಕೆಯಲ್ಲಿ ನಿಂತವು, ಕೆಲವು ಕಣ್ಮರೆಯಾದವು. ಐಸಾಕ್ ನ್ಯೂಟನ್ ಗುರುತ್ವಾಕರ್ಷಣೆಯನ್ನು ವಿವರಿಸುವ ತನ್ನ ‘ಪ್ರಿನ್ಸಿಪಿಯ’ ಗ್ರಂಥವನ್ನು 1687ರಲ್ಲಿ ಲ್ಯಾಟಿನ್ನಿನಲ್ಲಿ ಪ್ರಕಟಿಸಿದ. ಬೆಳಕಿನ ಬಗೆಗಿನ ‘ಆಪ್ಟಿಕ್ಸ್’ ಗ್ರಂಥವನ್ನು 1704ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಒಬ್ಬ ವಿಜ್ಞಾನಿಯ ಎರಡು ಪುಸ್ತಕಗಳ ನಡುವೆ ಭಾಷೆಯ ಯುಗವೇ ಬದಲಾಗಿತ್ತು.

ಪದಗಳನ್ನು ಎಣಿಸಿಟ್ಟವರು

ಇಂಗ್ಲಿಷಿಗೆ ಮಾತ್ರ ಮೀಸಲಾದ ಮೊದಲ ನಿಘಂಟನ್ನು ರಾಬರ್ಟ್ ಕಾಡ್ರಿ 1604ರಲ್ಲಿ ಹೊರತಂದ. ಅದರಲ್ಲಿ ಸುಮಾರು 2,500 ಕಠಿನ ಪದಗಳಿದ್ದವು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟಿನಲ್ಲಿ ಸುಮಾರು 42,000 ಪದಗಳಿವೆ. ಭಾಷೆಯನ್ನು ಬದಲಾಗದಂತೆ ಕಟ್ಟಿಹಾಕುವ ಆಸೆಯಿಂದ ಹೊರಟ ಜಾನ್ಸನ್, ಅದು ಆಗದ ಮಾತೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡ. ನೋವಾ ವೆಬ್‌ಸ್ಟರ್ 1828ರ ತನ್ನ ಅಮೆರಿಕನ್ ನಿಘಂಟಿನಲ್ಲಿ ಕೆಲವು ಕಾಗುಣಿತಗಳನ್ನು ಸರಳಗೊಳಿಸಿದ; ‘ಕಲರ್’ ಪದದಲ್ಲಿ ಅಮೆರಿಕನ್ನರು ‘ಯು’ ಬರೆಯದಿರುವುದು ಅದರ ಫಲ. ಪ್ರತಿ ಪದದ ಜೀವನಚರಿತ್ರೆಯನ್ನೇ ಹೇಳುವ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಭಾಗ 1884ರಲ್ಲಿ, ಕೊನೆಯ ಭಾಗ 1928ರಲ್ಲಿ ಬಂದವು. ಸಂಪಾದಕ ಜೇಮ್ಸ್ ಮರ್ರೆ ಅದು ಮುಗಿದುದನ್ನು ನೋಡಲಿಲ್ಲ, 1915ರಲ್ಲಿಯೇ ತೀರಿಕೊಂಡ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಪ್ರಯೋಗಗಳನ್ನು ಆಧಾರವಾಗಿ ಕೊಡುವ ಇಂಥದೇ ಕ್ರಮವನ್ನು ಅನುಸರಿಸಿದೆ.

ಜಗತ್ತಿಗೆ ಹರಡಿದ್ದು

1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾಯಿತು. 1607ರಲ್ಲಿ ಅಮೆರಿಕದ ಜೇಮ್ಸ್‌ಟೌನಿನಲ್ಲಿ ಇಂಗ್ಲಿಷರು ನೆಲೆಯೂರಿದರು. ಹಡಗು, ವ್ಯಾಪಾರ, ವಸಾಹತು, ಕೈಗಾರಿಕಾ ಕ್ರಾಂತಿ, ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಹಣ ಮತ್ತು ವಿಜ್ಞಾನ ಇವುಗಳ ಬೆನ್ನೇರಿ ಇಂಗ್ಲಿಷ್ ಹಬ್ಬಿತು. ಅದರ ವ್ಯಾಕರಣ ಸುಲಭವೆಂದೋ ಕಾಗುಣಿತ ಚೆಂದವೆಂದೋ ಯಾರೂ ಅದನ್ನು ಆರಿಸಿಕೊಳ್ಳಲಿಲ್ಲ.

ಭಾರತದಲ್ಲಿ ಮೆಕಾಲೆಯ 1835ರ ಟಿಪ್ಪಣಿಯ ಹಿಂದೆಯೇ ಸರಕಾರ ಇಂಗ್ಲಿಷ್ ಶಿಕ್ಷಣಕ್ಕೆ ಒತ್ತು ಕೊಟ್ಟಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಕೊಟ್ಟದ್ದಷ್ಟೇ ಅಲ್ಲ, ಇಂಗ್ಲಿಷ್ ಇಲ್ಲಿಂದ ಪಡೆದದ್ದೂ ಉಂಟು. ಬಂಗಲೆ, ಜಂಗಲ್, ಲೂಟಿ, ಶಾಂಪೂ ಉತ್ತರದಿಂದ ಹೋದವು. ತಮಿಳಿನ ಕಟ್ಟುಮರ ‘ಕ್ಯಾಟಮರಾನ್’ ಆಯಿತು. ನಮ್ಮ ತೇಗಕ್ಕೆ ಬಂಧುವಾದ ಮಲಯಾಳದ ‘ತೇಕ್ಕು’ ಪೋರ್ಚುಗೀಸರ ಮೂಲಕ ‘ಟೀಕ್’ ಆಯಿತು. ಮಲಯಾಳ–ಕನ್ನಡಗಳ ಅಡಕೆಯೇ ‘ಅರೆಕ’ ಆಯಿತು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಇಂಥ ಪದಗಳಿಗಾಗಿಯೇ ‘ಹಾಬ್ಸನ್–ಜಾಬ್ಸನ್’ ಎಂಬ ದೊಡ್ಡ ಕೋಶವನ್ನು ಪ್ರಕಟಿಸಿದರು.

ಮಿತ್ರರೆ, ಈ ಚರಿತ್ರೆಯಿಂದ ನಮಗೆ ಎರಡು ಪ್ರಯೋಜನಗಳಿವೆ. ಇಂಗ್ಲಿಷ್ ಕಲಿಯುವಾಗಿನ ಅಂಜಿಕೆ ಕಡಿಮೆಯಾಗುತ್ತದೆ. ವಕ್ರವಾಗಿ ಕಂಡ ಪ್ರತಿಯೊಂದು ಪದದ ಹಿಂದೆ ಒಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಎರಡನೆಯದಾಗಿ, ಶಾಸ್ತ್ರಕ್ಕೆ, ನ್ಯಾಯಕ್ಕೆ, ಆಡಳಿತಕ್ಕೆ ತಾನಾಗಿಯೇ ಯೋಗ್ಯವಾಗಿ ಹುಟ್ಟಿದ ಭಾಷೆ ಯಾವುದೂ ಇಲ್ಲ ಎಂಬುದು ತಿಳಿಯುತ್ತದೆ. ಜಾನ್ ಕಾರ್ನ್‌ವಾಲನಂಥ ಉಪಾಧ್ಯಾಯರು ಅದರಲ್ಲಿ ಪಾಠ ಹೇಳಿದರು, ಚಾಸರ್ ಕಾವ್ಯ ಬರೆದ, ನ್ಯೂಟನ್ ವಿಜ್ಞಾನ ಬರೆದ. ಬಳಸಿದಂತೆ ಇಂಗ್ಲಿಷ್ ಬೆಳೆಯಿತು. ಕನ್ನಡದಲ್ಲಿ ಇದು ಆಗದು ಎಂಬ ಮಾತನ್ನು ಕೇಳಿದಾಗಲೆಲ್ಲ 1582ರ ಮಲ್ಕ್ಯಾಸ್ಟರನನ್ನು ನೆನೆಯಬಹುದು.

ನೀವೇ ಮಾಡಿ ನೋಡಿ: ನಿಮ್ಮ ಇಂಗ್ಲಿಷ್ ಪಠ್ಯದ ಒಂದು ಪುಟದಿಂದ ಇಪ್ಪತ್ತು ಪದಗಳನ್ನು ಆರಿಸಿ, ಪದಮೂಲವನ್ನು ಕೊಡುವ ನಿಘಂಟಿನ ನೆರವಿನಿಂದ ಹಳೆಯ ಇಂಗ್ಲಿಷ್, ಸ್ಕ್ಯಾಂಡಿನೇವಿಯನ್, ಫ್ರೆಂಚ್, ಲ್ಯಾಟಿನ್–ಗ್ರೀಕ್ ಎಂದು ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ. ಅನಂತರ ಕನ್ನಡ ದಿನಪತ್ರಿಕೆಯ ಒಂದು ಸುದ್ದಿಯಿಂದ ಇಪ್ಪತ್ತು ಪದಗಳನ್ನು ತೆಗೆದುಕೊಂಡು ದೇಶ್ಯ, ಸಂಸ್ಕೃತ, ಪಾರಸಿ–ಅರಬ್ಬಿ, ಪೋರ್ಚುಗೀಸ್, ಇಂಗ್ಲಿಷ್ ಎಂದು ವಿಂಗಡಿಸಿ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನಿಮ್ಮ ಭಾಷಾ ಉಪಾಧ್ಯಾಯರೊಂದಿಗೆ ಚರ್ಚಿಸಿ.